ಹಳೆಯ ಕಾರುಗಳ ಬಾಡಿ: ತುಕ್ಕು ನಿವಾರಣೆ ಮತ್ತು ಪುನರುದ್ಧಾರ

ವಿಂಟೇಜ್ ಮತ್ತು ಕ್ಲಾಸಿಕ್ ಕಾರುಗಳ ತುಕ್ಕು ಹಿಡಿದ ಲೋಹದ ಬಾಡಿಯನ್ನು ಪರೀಕ್ಷಿಸಿ, ತುಕ್ಕು ತೆಗೆದು, ತಿಂದುಹೋದ ಕಡೆ ಹೊಸ ತಗಡು ಬೆಸೆದು, ಮತ್ತೆ ತುಕ್ಕು ಹತ್ತದಂತೆ ಲೇಪ ಕೊಡುವ ಕೆಲಸ. ತಗಡಿನ ಕಸುಬು, ಬೆಸುಗೆ, ಬಣ್ಣಗಾರಿಕೆ ಮೂರೂ ಇದರಲ್ಲಿ ಸೇರಿವೆ. ಎಂಜಿನ್ನು, ಗೇರ್‌ಬಾಕ್ಸುಗಳನ್ನು ಬಿಚ್ಚಿ ಸವೆದ ಬಿಡಿಭಾಗ ಬದಲಿಸಿ ಮತ್ತೆ ಜೋಡಿಸಬಹುದು. ಬಾಡಿಯನ್ನು ಹಾಗೆ ಬಿಚ್ಚಲು ಬರುವುದಿಲ್ಲ. ಅದರ ಬಹುಭಾಗ ಒಂದಕ್ಕೊಂದು ಬೆಸೆದ ತಗಡು. ಆದ್ದರಿಂದ ಹಳೆಯ ಕಾರೊಂದು ಉಳಿಯುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ಬಾಡಿಯ ಸ್ಥಿತಿಯಿಂದಲೇ ತೀರ್ಮಾನವಾಗುತ್ತದೆ. ಪುನರುದ್ಧಾರದ ಬಾಳಿಕೆಯನ್ನು ನಿರ್ಧರಿಸುವ ಮುಖ್ಯ ಸಂಗತಿ ಒಂದೇ: ನೀರು ಎಲ್ಲಿಂದ ಒಳಬಂತು, ಎಲ್ಲಿ ನಿಂತಿತು ಎಂಬುದನ್ನು ಪತ್ತೆಮಾಡಿ ಅದಕ್ಕೆ ಹೊರದಾರಿ ಮಾಡಿಕೊಡಲಾಗಿದೆಯೇ ಎಂಬುದು.

ಯಾವ ಕಾರನ್ನು ವಿಂಟೇಜ್ ಎನ್ನಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1919ರಿಂದ 1930ರವರೆಗೆ ತಯಾರಾದವುಗಳಿಗೆ ಈ ಹೆಸರು ಸಲ್ಲುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ (ಸ್ಥಾಪನೆ 1966) ಕನಿಷ್ಠ 30 ವರ್ಷ ತುಂಬಿದ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಭಾರತದ ಮೋಟಾರು ವಾಹನ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್.

ಬಾಡಿ ರಚನೆಯ ಹಿನ್ನೆಲೆ

ಮೊದಲ ಕಾಲದ ಕಾರುಗಳ ಬಾಡಿ ಕುದುರೆ ಸಾರೋಟು ಕಟ್ಟುವವರ ಕಸುಬಿನಿಂದ ಬಂದದ್ದು. ಉಕ್ಕಿನ ಚಾಸಿಯ ಮೇಲೆ ಮರದ ಚೌಕಟ್ಟು ನಿಲ್ಲಿಸಿ ಅದಕ್ಕೆ ಉಕ್ಕಿನ ಅಥವಾ ಅಲ್ಯೂಮಿನಿಯಂ ತಗಡು ಹೊದಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಆ್ಯಶ್ ಮರ. ಇಂಥ ಕಾರುಗಳಲ್ಲಿ ಮರ ತೇವ ಹಿಡಿದಿಟ್ಟುಕೊಂಡು ಮೊಳೆ, ಸ್ಕ್ರೂಗಳ ಸುತ್ತ ತಗಡನ್ನು ಒಳಗಿನಿಂದ ತಿನ್ನಿಸುತ್ತದೆ.

1912ರಲ್ಲಿ ಎಡ್ವರ್ಡ್ ಬಡ್ ಫಿಲಡೆಲ್ಫಿಯಾದಲ್ಲಿ ಸ್ಥಾಪಿಸಿದ ಕಂಪನಿ ಪ್ರೆಸ್ಸಿನಲ್ಲಿ ಒತ್ತಿದ ಉಕ್ಕಿನ ತಗಡುಗಳನ್ನು ಬೆಸೆದು ಬಾಡಿ ತಯಾರಿಸತೊಡಗಿತು. 1914ರಲ್ಲಿ ಮಾರುಕಟ್ಟೆಗೆ ಬಂದ ಡಾಜ್ ಕಾರು ಈ ಬಾಡಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. 1934ರ ಸಿಟ್ರೊಯೆನ್ ಟ್ರಾಕ್ಸಿಯೋಂ ಅವಾಂ ಕಾರಿನಲ್ಲಿ ಪ್ರತ್ಯೇಕ ಚಾಸಿಯೇ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಬಾಡಿಯೇ ಇಡೀ ಭಾರ ಹೊರುವ ಈ ಮೊನೊಕಾಕ್ ರಚನೆ ಸಾಮಾನ್ಯವಾಯಿತು. ಭಾರತದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಈ ಬಗೆಯವು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಮಾತ್ರ ಬೇರೆ ಚಾಸಿ ಇತ್ತು.

ಈ ಬದಲಾವಣೆ ಪುನರುದ್ಧಾರದ ಸ್ವರೂಪವನ್ನೇ ಬದಲಿಸಿತು. ಪ್ರತ್ಯೇಕ ಚಾಸಿಯ ಕಾರಿನಲ್ಲಿ ಬಾಡಿ ತೂತಾದರೂ ಗಾಡಿ ನಿಲ್ಲುತ್ತದೆ. ಮೊನೊಕಾಕ್ ಕಾರಿನಲ್ಲಿ ಬಾಗಿಲ ಕೆಳಗಿನ ಸಿಲ್ ಕೊಳೆತರೆ ಕಾರಿನ ಬೆನ್ನೆಲುಬೇ ಸಡಿಲವಾದಂತೆ. 1948ರ ಲ್ಯಾಂಡ್‌ರೋವರಿನ ಕತೆ ಇನ್ನೊಂದು ಬಗೆಯದು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಉಕ್ಕಿಗೆ ಅಭಾವವಿದ್ದುದರಿಂದ ಅದರ ಹೊರ ತಗಡುಗಳನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಆ ತಗಡಿಗೆ ಕೆಂಪು ತುಕ್ಕು ಹಿಡಿಯದು. ಆದರೆ ಉಕ್ಕಿನ ಭಾಗಕ್ಕೆ ತಾಗಿದಲ್ಲೆಲ್ಲ ತೇವ ಸೇರಿ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

1950ರ ದಶಕದವರೆಗೆ ಕಾರ್ಖಾನೆಗಳು ತುಕ್ಕಿನಿಂದ ಕೊಡುತ್ತಿದ್ದ ರಕ್ಷಣೆ ಬಹಳ ಕಡಿಮೆ. ಹೊರಗೆ ಪ್ರೈಮರ್ ಮತ್ತು ಬಣ್ಣ. ಸಿಲ್, ಕಂಬ, ಅಡ್ಡಪಟ್ಟಿಗಳಂಥ ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಹೆಚ್ಚಾಗಿ ಬರಿ ಲೋಹ. ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಲೇಪಿಸುವ ವಿಧಾನವನ್ನು ಫೋರ್ಡ್ ಕಂಪನಿ 1960ರ ದಶಕದಲ್ಲಿ ಬಳಕೆಗೆ ತಂದಿತು. 1970ರ ದಶಕದ ಮಧ್ಯದಲ್ಲಿ ಪೋರ್ಷ 911ರ ಬಾಡಿಗೆ ಸತುವಿನ ಲೇಪವುಳ್ಳ ಉಕ್ಕು ಬಂತು. ಇಂಥ ರಕ್ಷಣೆ ಬರುವ ಮೊದಲಿನ ಕಾರುಗಳೇ ಇಂದು ತುಕ್ಕಿನ ಕೆಲಸಕ್ಕೆ ಹೆಚ್ಚಾಗಿ ಬರುವಂಥವು.

ತುಕ್ಕಿನ ಸ್ವರೂಪ

ಕಬ್ಬಿಣ, ಆಮ್ಲಜನಕ, ನೀರು ಮೂರೂ ಕೂಡಿದಾಗ ಜಲಯುಕ್ತ ಕಬ್ಬಿಣದ ಆಕ್ಸೈಡ್ ಉಂಟಾಗುತ್ತದೆ, ಇದೇ ತುಕ್ಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ ಕ್ರಿಯೆ ಚುರುಕಾಗುತ್ತದೆ, ಉಪ್ಪು ಸೇರಿದರೆ ಇನ್ನೂ ವೇಗ. ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ಯುರೋಪ್, ಉತ್ತರ ಅಮೆರಿಕಗಳಲ್ಲಿ ಕಾರಿನ ತಳ ಬೇಗ ಹಾಳಾಗುವುದು ಇದೇ ಕಾರಣದಿಂದ. ಮಂಗಳೂರು, ಕಾರವಾರಗಳಂಥ ಕಡಲ ತೀರದ ಊರುಗಳಲ್ಲಿ ಆ ಕೆಲಸವನ್ನು ಉಪ್ಪುಗಾಳಿ ಮಾಡುತ್ತದೆ.

ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಒಂದರ ಮೇಲೊಂದು ಕೂರಿಸಿ ಸ್ಪಾಟ್ ವೆಲ್ಡ್ ಮಾಡಿದ ತಗಡುಗಳ ನಡುವೆ ಅದು ಹುಟ್ಟಿದರೆ ಉಬ್ಬಿ ಬೆಸುಗೆಯನ್ನೇ ಹರಿಯುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪದರ ಒಳಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ರಂಧ್ರಮಯ, ತೇವ ಹೀರುವಂಥದು. ಆದ್ದರಿಂದ ತುಕ್ಕಿನ ಮೇಲೆಯೇ ಬಳಿದ ಬಣ್ಣದ ಅಡಿ ಕೊಳೆಯುವಿಕೆ ಮುಂದುವರಿಯುತ್ತದೆ.

ಕಸುಬುದಾರರು ತುಕ್ಕನ್ನು ಮೂರು ಹಂತಗಳಲ್ಲಿ ಗುರುತಿಸುತ್ತಾರೆ. ಮೇಲ್ಮೈಯ ಕಂದು ಪೊರೆ ಮೊದಲನೆಯದು, ಉಜ್ಜಿದರೆ ಹೋಗುತ್ತದೆ. ಎರಡನೆಯದರಲ್ಲಿ ಲೋಹದಲ್ಲಿ ಗುಳಿ ಬಿದ್ದಿರುತ್ತದೆ, ಹಕ್ಕಳೆ ಏಳುತ್ತದೆ. ಮೂರನೆಯದರಲ್ಲಿ ತಗಡು ತೂತಾಗಿ ಬೆರಳು ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ಈ ಕೊನೆಯದಕ್ಕೆ ಕತ್ತರಿಸಿ ಹೊಸ ತಗಡು ಹಾಕುವುದಲ್ಲದೆ ಬೇರೆ ಮದ್ದಿಲ್ಲ.

ಪರೀಕ್ಷೆ

ತುಕ್ಕು ಹೊರಗೆ ಕಾಣುವಷ್ಟೇ ಇರುವುದು ಅಪರೂಪ. ಬಣ್ಣದ ಮೇಲೆ ಎದ್ದ ಸಣ್ಣ ಗುಳ್ಳೆ ಬಹುತೇಕ ಒಳಗಿನಿಂದ ಹೊರಕ್ಕೆ ಬಂದ ತುಕ್ಕಿನ ಕೊನೆಯ ಹೆಜ್ಜೆ. ಸಿಲ್‌ಗಳು, ಕಾಲಿಡುವ ನೆಲದ ತಗಡು, ಚಕ್ರದ ಕಮಾನು, ಬಾಗಿಲಿನ ಕೆಳ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹೆಡ್‌ಲೈಟಿನ ಹಿಂಭಾಗ, ಮುಂಗಾಜಿನ ರಬ್ಬರಿನ ಅಡಿ ಮೊದಲು ನೋಡಬೇಕಾದ ಜಾಗಗಳು. ಇವೆಲ್ಲ ಒಂದೋ ಕೆಸರು ಕೂಡುವ, ಇಲ್ಲವೇ ನೀರು ನಿಲ್ಲುವ ಸ್ಥಳಗಳು.

ಸಲಕರಣೆ ಸರಳ. ಅಯಸ್ಕಾಂತ ಉಕ್ಕನ್ನು ಹಿಡಿಯುತ್ತದೆ, ದಪ್ಪಗೆ ಮೆತ್ತಿದ ಪುಟ್ಟಿಯ ಮೇಲೆ ನಿಲ್ಲುವುದಿಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ತಗಡು ಖಣಿ ಎನ್ನುತ್ತದೆ, ಕೊಳೆತದ್ದು ಬದ್ದೆನ್ನುತ್ತದೆ. ಕೆಳಗಿನಿಂದ ಚೂಪಾದ ದಬ್ಬಳ ಒತ್ತಿ ನೋಡುವುದುಂಟು. ಬಣ್ಣದ ದಪ್ಪ ಅಳೆಯುವ ಮೀಟರು ಕಾರ್ಖಾನೆ ಬಣ್ಣದ ಮೇಲೆ ಸಾಮಾನ್ಯವಾಗಿ 100–150 ಮೈಕ್ರಾನ್ ಸುತ್ತಮುತ್ತ ತೋರಿಸುತ್ತದೆ. ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆಯೆಂದೇ ಲೆಕ್ಕ.

ಕೆಲಸ ಮುಟ್ಟುವ ಮೊದಲು ದಾಖಲೆ ಮಾಡಿಕೊಳ್ಳುವುದು ಕಡ್ಡಾಯವೆನ್ನಿಸಿದೆ. ಪ್ರತಿ ಭಾಗದ ಫೋಟೋ, ಬಾಗಿಲು–ಬಾನೆಟ್ಟುಗಳ ಸಂದಿನ ಅಳತೆ, ಬೋಲ್ಟುಗಳಿಗೆ ಹೆಸರು ಬರೆದ ಚೀಲ, ಚಾಸಿ ಸಂಖ್ಯೆಯ ಅಚ್ಚು ಇವೆಲ್ಲ ಇದರಲ್ಲಿ ಸೇರುತ್ತವೆ. ಮೂಲ ಬಣ್ಣದ ಗುರುತು ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಹೊದಿಕೆಯ ಅಡಿ, ಬಿಸಿಲು ತಾಗದ ಎಡೆಗಳಲ್ಲಿ ಉಳಿದಿರುತ್ತದೆ.

ಕತ್ತರಿಸುವುದು ಮತ್ತು ಆಧಾರ ಕೊಡುವುದು

ಮೊನೊಕಾಕ್ ಬಾಡಿಯಲ್ಲಿ ಸಿಲ್ ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಡ್ಡ ಕಬ್ಬಿಣದ ಪೈಪು ಬೆಸೆದು ಬಿಗಿಗೊಳಿಸುತ್ತಾರೆ. ಬಾಡಿಯನ್ನು ಸಮತಟ್ಟಾದ ಚೌಕಟ್ಟಿನ ಮೇಲೆ ಕೂರಿಸುತ್ತಾರೆ. ಹೀಗೆ ಮಾಡದೆ ಕತ್ತರಿಸಿದರೆ ನಡು ಜಗ್ಗಿ, ಹೊಸ ಸಿಲ್ ಬೆಸೆದ ಮೇಲೆ ಆ ಜಗ್ಗು ಶಾಶ್ವತವಾಗುತ್ತದೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ಮೇಲೆ ಚಾವಣಿಯಿಲ್ಲದ ಕಾರುಗಳಲ್ಲಿ ಈ ಅಪಾಯ ಹೆಚ್ಚು. ಎರಡೂ ಕಡೆ ಒಟ್ಟಿಗೆ ಕತ್ತರಿಸದೆ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವುದು, ಹಂತ ಹಂತಕ್ಕೂ ಬಾಗಿಲು ತೂಗಿಸಿ ಸಂದು ನೋಡುವುದು ರೂಢಿ.

ತುಕ್ಕು ತೆಗೆಯುವ ವಿಧಾನಗಳು

ಕೈಯಿಂದ ಮತ್ತು ಯಂತ್ರದಿಂದ: ತಂತಿ ಬ್ರಷ್, ಎಮರಿ ಕಾಗದ, ಗ್ರೈಂಡರಿಗೆ ಹಾಕುವ ಉಜ್ಜುಬಿಲ್ಲೆಗಳು ಮೇಲ್ಮೈ ತುಕ್ಕಿಗೆ ಸಾಕು. ಗುಳಿಯೊಳಗಿನದನ್ನು ಅವು ತೆಗೆಯಲಾರವು. ಗ್ರೈಂಡರನ್ನು ಒತ್ತಿ ಹಿಡಿದರೆ ಮೊದಲೇ ತೆಳುವಾದ ತಗಡು ಇನ್ನೂ ತೆಳುವಾಗುತ್ತದೆ.

ಬ್ಲಾಸ್ಟಿಂಗ್: ಒತ್ತಡದ ಗಾಳಿಯಲ್ಲಿ ಕಣಗಳನ್ನು ಬೀಸಿ ಹೊಡೆಯುವ ಈ ವಿಧಾನ ಚಾಸಿ, ಸಸ್ಪೆನ್ಷನ್ನಿನಂಥ ದಪ್ಪ ಭಾಗಗಳಿಗೆ ಒಳ್ಳೆಯದು. ಬಾನೆಟ್, ಚಾವಣಿಯಂಥ ಅಗಲ ತಗಡುಗಳ ಮೇಲೆ ಒರಟು ಕಣಗಳನ್ನು ಹೊಡೆದರೆ ಮೇಲ್ಮೈ ಹಿಗ್ಗಿ ತಗಡು ಅಲೆಯಲೆಯಾಗುತ್ತದೆ. ಅಲ್ಲಿ ಕಡಿಮೆ ಒತ್ತಡ, ಮೃದು ಕಣ ಬೇಕು. ನದಿ ಮರಳಿನ ಸಿಲಿಕಾ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗ ತರುವುದರಿಂದ ಗಾರ್ನೆಟ್, ಅಲ್ಯೂಮಿನಿಯಂ ಆಕ್ಸೈಡ್, ಗಾಜಿನ ಮಣಿಗಳನ್ನು ಬಳಸುತ್ತಾರೆ.

ರಾಸಾಯನಿಕಗಳು: ಫಾಸ್ಫೊರಿಕ್ ಆಮ್ಲ ತುಕ್ಕನ್ನು ಕರಗಿಸಿ ಮೇಲ್ಮೈಯಲ್ಲಿ ಕಬ್ಬಿಣದ ಫಾಸ್ಫೇಟ್ ಪದರ ಬಿಡುತ್ತದೆ. ಟ್ಯಾನಿಕ್ ಆಮ್ಲದ ದ್ರಾವಣಗಳು ಉಳಿದ ತುಕ್ಕನ್ನು ನೀಲಿಗಪ್ಪು ಬಣ್ಣದ ಸ್ಥಿರ ಸಂಯುಕ್ತವಾಗಿಸುತ್ತವೆ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡಿದರೂ ಮಡಿಕೆಗಳಲ್ಲಿ ಉಳಿದ ಕ್ಲೋರೈಡ್ ಮುಂದೆ ಹೊಸ ತುಕ್ಕಿಗೆ ಬೀಜವಾಗುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ ಬಿಡಿಭಾಗಗಳನ್ನು ವಾರಗಟ್ಟಲೆ ನೆನೆಹಾಕುವ ಅಗ್ಗದ ಪದ್ಧತಿಯೂ ಇದೆ. ಅದು ಒಳ್ಳೆಯ ಉಕ್ಕನ್ನು ಹೆಚ್ಚು ಮುಟ್ಟದೆ ತುಕ್ಕನ್ನು ಬಿಡಿಸುತ್ತದೆ. ಅಲ್ಯೂಮಿನಿಯಂ ಅಥವಾ ಸತುವಿನ ಎರಕದ ಭಾಗ ಹಾಕಿದರೆ ಅವನ್ನೂ ತಿನ್ನುತ್ತದೆ.

ವಿದ್ಯುದ್ವಿಭಜನೆ: ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ ಬೇಡದ ಕಬ್ಬಿಣದ ತುಂಡೊಂದನ್ನು ಧನ ತುದಿಗೂ ಕಟ್ಟುತ್ತಾರೆ. ತುಕ್ಕು ಸಡಿಲವಾಗಿ ಕಪ್ಪು ಪುಡಿಯಾಗುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು. ಕಟ್ಟಿದರೆ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗೆ ಸೇರುತ್ತದೆ. ಹೈಡ್ರೋಜನ್ ಅನಿಲ ಏಳುವುದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಮಾಡಬೇಕು.

ತಗಡಿನ ಕೆಲಸ

ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದು ಕರೆಯುವ ಈ ಹಂತ ಇಡೀ ಪುನರುದ್ಧಾರದ ತಿರುಳು. ಹಳೆಯ ಕಾರುಗಳ ತಗಡು ಸಾಮಾನ್ಯವಾಗಿ 18ರಿಂದ 20 ಗೇಜ್, ಅಂದರೆ ಸುಮಾರು 1.2ರಿಂದ 0.9 ಮಿ.ಮೀ. ಹೊಸದಾಗಿ ಹಾಕುವ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟು ಅದೇ ದಪ್ಪದ್ದಾಗಿರಬೇಕು. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಯುತ್ತಾರೆ. ಅಂಚಿನಲ್ಲಿ ತೆಳು ತಗಡು ಉಳಿಸಿಕೊಂಡರೆ ಬೆಸೆಯುವಾಗ ಅದು ಉರಿದು ತೂತಾಗುತ್ತದೆ.

ಬಾಗಿಲಿನ ಕೆಳ ಅಂಚಿನ ದುರಸ್ತಿ ಈ ಕಸುಬಿನ ಒಳ್ಳೆಯ ನಿದರ್ಶನ. ಕಿಟಕಿಗಾಜಿನ ಪಕ್ಕದಿಂದ ಇಳಿದ ಮಳೆನೀರು ಬಾಗಿಲೊಳಗೆ ಹರಿದು ಅಡಿಯ ಸಣ್ಣ ಕಂಡಿಗಳಿಂದ ಹೊರಹೋಗಬೇಕು. ಧೂಳು, ಎಲೆಕಸ ಅವನ್ನು ಕಟ್ಟಿದರೆ ನೀರು ಅಲ್ಲೇ ನಿಂತು, ಹೊರ ತಗಡನ್ನು ಒಳಚೌಕಟ್ಟಿನ ಮೇಲೆ ಮಡಚಿದ ಅಂಚು ಮೊದಲು ಕೊಳೆಯುತ್ತದೆ. ಟಿಂಕರ್ ಆ ಮಡಿಕೆಯ ಅಂಚನ್ನು ಉಜ್ಜಿ ಬಿಡಿಸುತ್ತಾನೆ; ಸ್ಪಾಟ್ ವೆಲ್ಡುಗಳನ್ನು ಡ್ರಿಲ್ ಮಾಡಿ ತೆಗೆಯುತ್ತಾನೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದನ್ನು ಶೀಟಿನ ಮೇಲಿಟ್ಟು ಗೆರೆ ಎಳೆದು, ಮಡಿಕೆಗೆ ಬೇಕಾದಷ್ಟು ಹೆಚ್ಚುವರಿ ಬಿಟ್ಟು ತುಂಡು ಮಾಡುತ್ತಾನೆ. ಬಾಗಿಲ ಉದ್ದಕ್ಕೆ ಕಾರ್ಖಾನೆಯಲ್ಲೇ ಒತ್ತಿದ ಏಣು ಇದ್ದರೆ ಹೊಸ ಕೂಡುಗೆರೆ ಅದರ ಹತ್ತಿರ ಬರುವಂತೆ ನೋಡಿಕೊಳ್ಳುತ್ತಾನೆ. ಏಣಿನ ಬಳಿ ತಗಡು ಬಿಗಿಯಾಗಿರುವುದರಿಂದ ಬೆಸುಗೆಯ ಶಾಖಕ್ಕೆ ಸುಲಭವಾಗಿ ಸೊಟ್ಟಗಾಗದು. ಮೊದಲು ಎರಡು–ಮೂರು ಸೆಂ.ಮೀ. ಅಂತರದಲ್ಲಿ ಚುಕ್ಕೆ ಬೆಸುಗೆ, ಆಮೇಲೆ ನಡುನಡುವೆ ಮತ್ತೊಂದು ಸುತ್ತು. ಪ್ರತಿ ಚುಕ್ಕೆಯೂ ಕೈಗೆ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ಬಾಗಿಲ ಹಲಗೆ ಅಲೆ ಏಳುತ್ತದೆ. ಕೊನೆಗೆ ಅಂಚು ಮಡಚಿ, ಅಡಿಯ ಕಂಡಿಗಳನ್ನು ಮತ್ತೆ ಕೊರೆಯಬೇಕು. ಈ ಕಂಡಿಗಳನ್ನು ಮರೆತರೆ ಹೊಸ ತಗಡೂ ಹಳೆಯದರ ದಾರಿ ಹಿಡಿಯುತ್ತದೆ.

ಬೆಸುಗೆಯಲ್ಲಿ ಮೂರು ಬಗೆ ಬಳಕೆಯಲ್ಲಿವೆ. ಆಕ್ಸಿ–ಅಸಿಟಿಲೀನ್ ಗ್ಯಾಸ್ ವೆಲ್ಡಿಂಗ್ ಹೆಚ್ಚು ಶಾಖ ಹರಡಿದರೂ ಮೃದುವಾದ ಬೆಸುಗೆ ಕೊಡುತ್ತದೆ. ಅದನ್ನು ಸುತ್ತಿಗೆಯಿಂದ ಬಡಿದು ಸಮ ಮಾಡಬಹುದು. ಮಿಗ್ ವೆಲ್ಡಿಂಗ್ ವೇಗದ್ದು, ಕಲಿಯಲು ಸುಲಭ, ಆದರೆ ಬೆಸುಗೆ ಗಡಸು. ಟಿಗ್ ಇವೆರಡಕ್ಕಿಂತ ನಯ, ಅದಕ್ಕೆ ತಕ್ಕಂತೆ ನಿಧಾನ. ಕೂಡಿಸುವ ಕ್ರಮದಲ್ಲೂ ಆಯ್ಕೆಯಿದೆ. ಅಂಚಿಗೆ ಅಂಚು ತಾಗಿಸಿ ಬೆಸೆದರೆ ಕೆಲಸದ ಗುರುತು ಉಳಿಯದು, ನೀರು ನಿಲ್ಲಲು ಎಡೆಯೂ ಇರದು. ಒಂದರ ಮೇಲೊಂದು ಹಾಕಿ ಬೆಸೆದರೆ ಸಲೀಸು, ಆದರೆ ಎರಡು ಪದರಗಳ ನಡುವಿನ ಸಂದು ತೇವಕ್ಕೆ ಮನೆ. ತೂತಿನ ಮೇಲೆ ತೇಪೆ ಹಾಕಿ ಪುಟ್ಟಿ ಮೆತ್ತಿದ ಕಾರುಗಳಲ್ಲಿ ತುಕ್ಕು ಬೇಗನೆ ಮರಳುವುದು ಇದರಿಂದಲೇ.

ಆಕಾರ ಕೊಡಲು ಸುತ್ತಿಗೆ, ಒಳಗಿನಿಂದ ಒತ್ತಿ ಹಿಡಿಯುವ ಡಾಲಿ, ಮರಳು ತುಂಬಿದ ಚರ್ಮದ ಚೀಲ, ಎರಡು ಉರುಳುಗಳ ನಡುವೆ ತಗಡನ್ನು ಓಡಿಸುವ ಇಂಗ್ಲಿಷ್ ವೀಲ್ ಬಳಕೆಯಾಗುತ್ತವೆ. ಹಿಗ್ಗಿದ ತಗಡನ್ನು ಕುಗ್ಗಿಸಲು ಒಂದು ಚುಕ್ಕೆಯನ್ನು ಕೆಂಪಗೆ ಕಾಯಿಸಿ, ಸುತ್ತ ಬಡಿದು, ಒದ್ದೆ ಬಟ್ಟೆ ಒತ್ತುತ್ತಾರೆ. ಉಳಿದ ಸಣ್ಣ ತಗ್ಗುಗಳನ್ನು ಹಿಂದೆ ಸೀಸ–ತವರದ ಮಿಶ್ರಲೋಹ ಕರಗಿಸಿ ಮರದ ಹಲಗೆಯಿಂದ ಸವರಿ ತುಂಬುತ್ತಿದ್ದರು. ಸೀಸ ವಿಷವಾದ್ದರಿಂದ ಅದನ್ನು ಒಣ ಎಮರಿ ಕಾಗದದಿಂದ ಉಜ್ಜದೆ ಅರದಿಂದ ಮಾತ್ರ ಸಮ ಮಾಡುತ್ತಿದ್ದರು. 1950ರ ದಶಕದಿಂದೀಚೆಗೆ ಪಾಲಿಯೆಸ್ಟರ್ ಪುಟ್ಟಿ ಆ ಜಾಗ ಹಿಡಿದಿದೆ. ಅದನ್ನು ಎರಡು–ಮೂರು ಮಿ.ಮೀ.ಗಿಂತ ದಪ್ಪವಾಗಿ ಹಾಕುವುದು ತಗಡಿನ ಕೆಲಸ ಅರೆಬರೆಯಾಗಿದೆ ಎಂಬುದರ ಸೂಚನೆ.

ಜನಪ್ರಿಯ ಮಾದರಿಗಳಿಗೆ ಸಿದ್ಧ ಭಾಗಗಳು ಸಿಗುತ್ತವೆ. ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನು ಬಳಸಿ 1988ರಿಂದ ಎಂಜಿಬಿ ಕಾರಿನ ಇಡೀ ಬಾಡಿ ಶೆಲ್ಲನ್ನೇ ತಯಾರಿಸತೊಡಗಿತು. ಭಾರತದಲ್ಲಿ ಅಂಥ ಅನುಕೂಲ ಕಡಿಮೆಯಾದ್ದರಿಂದ ಚಪ್ಪಟೆ ಶೀಟಿನಿಂದ ಕೈಯಲ್ಲೇ ಮಡ್‌ಗಾರ್ಡು, ಸಿಲ್ಲುಗಳನ್ನು ಬಡಿದು ಮಾಡುವ ಕೌಶಲ ಉಳಿದುಬಂದಿದೆ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳೂ ಶಿವಾಜಿನಗರದ ಗುಜರಿ ಸಾಲುಗಳೂ ಹಳೆಯ ಬಿಡಿಭಾಗ ಹುಡುಕುವವರಿಗೆ ಪರಿಚಿತ.

ಲೇಪನ

ಬರಿ ಉಕ್ಕನ್ನು ತೇವದ ಹವೆಯಲ್ಲಿ ಬಿಟ್ಟರೆ ಗಂಟೆಗಳೊಳಗೆ ಕಂದು ಪೊರೆ ಕಟ್ಟುತ್ತದೆ. ಆದ್ದರಿಂದ ಶುಚಿ ಮಾಡಿದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯುವುದು ಕ್ರಮ. ಅದರ ಮೇಲೆ ಪುಟ್ಟಿ, ಕೂಡುಗೆರೆಗಳಿಗೆ ಸೀಲರ್, ಸರ್ಫೇಸರ್, ಕೊನೆಗೆ ಬಣ್ಣ. ಪುಟ್ಟಿ ತೇವ ಹೀರುವ ವಸ್ತು. ಅದನ್ನು ಬರಿ ಲೋಹದ ಮೇಲೆ ಹಾಕಿ ಬಹಳ ದಿನ ಬಿಟ್ಟರೆ ಅಡಿಯಿಂದ ತುಕ್ಕು ಏಳುತ್ತದೆ.

1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ ಬಣ್ಣ ಒಣಗುವ ಕಾಲ ವಾರಗಳಿಂದ ಗಂಟೆಗಳಿಗೆ ಇಳಿಯಿತು. ಇಂದು ಹೆಚ್ಚಾಗಿ ಬಳಕೆಯಾಗುವುದು ಎರಡು ದ್ರವ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಬಣ್ಣ. ಅದರ ಐಸೋಸಯನೇಟ್ ಆವಿ ಆಸ್ತಮಾ ತರಬಲ್ಲದು. ಬಟ್ಟೆಯ ಮುಸುಕು ಸಾಲದು, ಹೊರಗಿನಿಂದ ಗಾಳಿ ಒದಗಿಸುವ ಮುಖವಾಡ ಬೇಕು.

ಕಣ್ಣಿಗೆ ಕಾಣದ ಲೇಪಗಳೇ ಬಾಳಿಕೆ ಕೊಡುವಂಥವು. ಸಿಲ್, ಕಂಬ, ಬಾಗಿಲುಗಳ ಒಳಗೆ ಉದ್ದ ಕೊಳವೆಯಿಂದ ಮೇಣ ಸಿಂಪಡಿಸುತ್ತಾರೆ. ಅದು ಸಂದಿಗಳಿಗೆ ಇಳಿದು ನೀರನ್ನು ದೂರವಿಡುತ್ತದೆ. ಹಿಂದೆ ಕಾರಿನ ತಳಕ್ಕೆ ದಪ್ಪಗೆ ಬಳಿಯುತ್ತಿದ್ದ ಡಾಂಬರಿನಂಥ ಲೇಪ ವರ್ಷಗಳು ಕಳೆದಂತೆ ಒಣಗಿ ಬಿರಿದು, ಬಿರುಕಿನಲ್ಲಿ ಸೇರಿದ ನೀರನ್ನು ಹೊರಬಿಡದೆ ತಗಡನ್ನು ತಿನ್ನಿಸಿದ ಉದಾಹರಣೆಗಳು ಧಾರಾಳ.

ಎಷ್ಟು ಬದಲಿಸಬೇಕು

ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರ 1957ರ ಜೂನ್ 15ರಂದು ಹೊಚ್ಚ ಹೊಸ ಪ್ಲಿಮತ್ ಬೆಲ್ವೆಡೇರ್ ಕಾರೊಂದನ್ನು ಕಾಂಕ್ರೀಟ್ ಗೂಡಿನಲ್ಲಿ ಹೂಳಿಟ್ಟಿತು. ಐವತ್ತು ವರ್ಷದ ಬಳಿಕ 2007ರಲ್ಲಿ ತೆರೆದಾಗ ಗೂಡಿಗೆ ನೀರು ನುಗ್ಗಿ ಕಾರು ಪೂರ್ತಿ ತುಕ್ಕು ಹಿಡಿದಿತ್ತು. ತುಕ್ಕು ತೆಗೆಯುವ ದ್ರಾವಣಗಳಿಂದ ಅದರ ಮೇಲ್ಮೈಯನ್ನು ಬಹಳಷ್ಟು ಶುಚಿ ಮಾಡಿದರೂ ಲೋಹದಲ್ಲಿ ಸತ್ವ ಉಳಿದಿರಲಿಲ್ಲ. ಅದು ಓಡುವ ಕಾರಾಗಲಿಲ್ಲ. ಕೊನೆಗೆ ಇಲಿನಾಯ್ ರಾಜ್ಯದ ವಸ್ತುಸಂಗ್ರಹಾಲಯವೊಂದಕ್ಕೆ ಸೇರಿತು. ತುಕ್ಕು ತೆಗೆಯಬಹುದು, ತುಕ್ಕಾದ ಲೋಹವನ್ನು ಹಿಂದಕ್ಕೆ ತರಲಾಗದು ಎಂಬುದಕ್ಕೆ ಇದು ಪ್ರಸಿದ್ಧ ಉದಾಹರಣೆ.

1925ರ ಬುಗಾಟಿ ಬ್ರೆಶಿಯಾ ಕಾರೊಂದರ ವಿಷಯದಲ್ಲಿ ತೀರ್ಮಾನ ಬೇರೆಯಾಯಿತು. ಮಜೋರೆ ಸರೋವರದಲ್ಲಿ ದಶಕಗಟ್ಟಲೆ ಮುಳುಗಿದ್ದ ಅದನ್ನು 2009ರಲ್ಲಿ ಮೇಲೆತ್ತಿದರು. 2010ರ ಪ್ಯಾರಿಸ್ ಹರಾಜಿನಲ್ಲಿ ಅದು 2,60,500 ಯೂರೋಗೆ ಮಾರಾಟವಾಗಿ ಕ್ಯಾಲಿಫೋರ್ನಿಯಾದ ಮಲಿನ್ ವಸ್ತುಸಂಗ್ರಹಾಲಯದಲ್ಲಿ ತುಕ್ಕು ಹಿಡಿದ ಸ್ಥಿತಿಯಲ್ಲೇ ಪ್ರದರ್ಶನಗೊಂಡಿತು. ಅದನ್ನು ಸರಿಪಡಿಸಿದ್ದರೆ ಸರೋವರದಲ್ಲಿ ಅದು ಕಳೆದ ಕಾಲದ ಇತಿಹಾಸ ಅಳಿಸಿಹೋಗುತ್ತಿತ್ತು.

ಮೂಲ ಭಾಗಗಳು ಬದಲಾದ ಕಾರು ಅದೇ ಕಾರೇ ಎಂಬ ಪ್ರಶ್ನೆ ಲಂಡನ್ನಿನ ಹೈಕೋರ್ಟಿಗೂ ಹೋಗಿದೆ. 1929 ಮತ್ತು 1930ರ ಲ ಮಾನ್ ಕಾರು ಪಂದ್ಯ ಗೆದ್ದ ‘ಓಲ್ಡ್ ನಂಬರ್ ಒನ್’ ಬೆಂಟ್ಲಿಯ ಬಾಡಿ, ಚಾಸಿ, ಎಂಜಿನ್ನುಗಳು ಮುಂದಿನ ವರ್ಷಗಳಲ್ಲಿ ಬಹಳಷ್ಟು ಬದಲಾಗಿದ್ದವು. ಆದರೂ ಅದರ ಇತಿಹಾಸ ಎಲ್ಲೂ ತುಂಡಾಗದೆ ಮುಂದುವರಿದಿದೆ ಎಂಬ ಕಾರಣಕ್ಕೆ ಅದನ್ನು ಆ ಹೆಸರಿನಿಂದ ಕರೆಯಬಹುದೆಂದು 1990ರಲ್ಲಿ ತೀರ್ಪಾಯಿತು. ಫೀವಾದ ಟ್ಯೂರಿನ್ ಸನ್ನದು (2012–13) ಸಾಧ್ಯವಾದಷ್ಟು ಮೂಲ ವಸ್ತುವನ್ನು ಉಳಿಸಬೇಕು, ಮಾಡಿದ ಪ್ರತಿ ಬದಲಾವಣೆಯನ್ನೂ ದಾಖಲಿಸಬೇಕು, ಹೊಸ ಭಾಗಗಳನ್ನು ಗುರುತಿಸುವಂತಿರಬೇಕು ಎಂದು ಹೇಳುತ್ತದೆ.

ಭಾರತದ ನಿಯಮಗಳು ಮತ್ತು ಪಾಲನೆ

2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ರೂಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ; ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಇಂಥ ವಾಹನವನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತೂ ಇದೆ. ಹೀಗಾಗಿ ಎಷ್ಟು ತಗಡು ಕತ್ತರಿಸಿದೆ, ಯಾಕೆ ಕತ್ತರಿಸಿದೆ ಎಂಬುದರ ಫೋಟೋ ದಾಖಲೆ ಮಾಲೀಕನ ಕೈಯಲ್ಲಿರುವುದು ಒಳ್ಳೆಯದು. ಕರ್ನಾಟಕದಲ್ಲಿ ಧರ್ಮಸ್ಥಳ ಮತ್ತು ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹಗಳಿವೆ.

ಸರಿಪಡಿಸಿದ ಕಾರಿಗೆ ಒಣ, ಗಾಳಿಯಾಡುವ ಗ್ಯಾರೇಜು ಬೇಕು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಉಸಿರಾಡುವ ಬಟ್ಟೆಯ ಹೊದಿಕೆ ಮೇಲು. ಮಳೆಗಾಲಕ್ಕೆ ಮುನ್ನ ಬಾಗಿಲು, ಸಿಲ್, ಮುಂಗಾಜಿನ ಕೆಳಗಿನ ಕಂಡಿಗಳಲ್ಲಿ ತಂತಿ ಆಡಿಸಿ ಕಸ ತೆಗೆಯುವುದು, ಮಳೆ ನಿಂತ ಮೇಲೆ ನೆಲದ ಮ್ಯಾಟು ಎತ್ತಿ ಒಣಗಿಸುವುದು, ಒಳಗಿನ ಮೇಣವನ್ನು ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ಸಿಂಪಡಿಸುವುದು ವಾಡಿಕೆ. ಇವಕ್ಕೆ ತಗಲುವ ಖರ್ಚು ಒಂದು ಸಿಲ್ ಬದಲಿಸುವ ಖರ್ಚಿಗಿಂತ ಬಹಳ ಕಡಿಮೆ.